ಐಸಿ ಸ್ಟಿಡಮ್ ನುಡಿಸುತ್ತಲೇ ಇದ್ದ ಮಧ್ಯಾಹ್ನ

ಅಮೆರಿಕದ ಕೆಂಟಕಿ ರಾಜ್ಯದ ಕಲ್ಲಿದ್ದಲ ಕಣಿವೆಯಲ್ಲಿ ಹುಟ್ಟಿದ ಐಸಿಗೆ ಬ್ಯಾಂಜೊ ಎಂಬ ತಂತಿವಾದ್ಯ ಕಲಿಸಿದ್ದು ಅವಳ ತಾಯಿ, ಅವರೆಕಾಯಿ ಬಿಡಿಸುವ ಬಿಡುವಿನಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ಸೋದರಮಾವ ಹಾರ್ಲಿಸ್‌ನ ಬ್ಲೂಗ್ರಾಸ್ ಎಂಬ ಹಳ್ಳಿ ಸಂಗೀತದ ತಂಡ ಸೇರಿದಾಗ ಗಿಟಾರಿನವನು ನಕ್ಕಿದ್ದ.

"ಬ್ಯಾಂಜೊ ಹೆಂಗಸರ ಕೈಗೆ ಒಗ್ಗಲ್ಲ ಕಣಮ್ಮ. ಎರಡು ಹಾಡಿಗೇ ಉಗುರು ಕಿತ್ತೋಗತ್ತೆ."

"ನನ್ನ ಉಗುರಿನ ಚಿಂತೆ ಬಿಡು. ನಿನ್ನ ಗಿಟಾರು ನನ್ನ ಹಿಂದೆ ಓಡತ್ತಾ ನೋಡ್ಕೋ."

ಓಡಲಿಲ್ಲ. ಆರು ವರ್ಷ ಪ್ರತಿ ಶನಿವಾರ ಮಧ್ಯಾಹ್ನ ಊರಿನ ರೇಡಿಯೋ ಕೇಂದ್ರದ ನೇರ ಪ್ರಸಾರದಲ್ಲಿ ಅವಳ ಬ್ಯಾಂಜೊವೇ ಮುಂದು.

೧೯೫೨ರ ಮಾರ್ಚಿನ ಒಂದು ಶನಿವಾರ ನಾಲ್ಕನೇ ಹಾಡಿನ ನಡುವೆ ಗಣಿಯ ಸೈರನ್ ಕೂಗಿತು. ಹಾಡು ಮುಗಿಯುತ್ತಲೇ ಉದ್ಘೋಷಕ ಮೈಕು ಮುಚ್ಚಿ ಪಿಸುಗುಟ್ಟಿದ: "ಚಾವಣಿ ಕುಸಿದಿದೆ. ಹನ್ನೊಂದು ಜನ ಒಳಗಿದಾರೆ."

ಐಸಿಯ ಗಂಡ ಕ್ರೀಡ್ ಅದೇ ಪಾಳಿಯಲ್ಲಿದ್ದ. ಹಾರ್ಲಿಸ್‌ನ ಒಬ್ಬನೇ ಮಗ ಡಿಲ್ಲಾರ್ಡ್ ಕೂಡ. ಅವಳು ಬ್ಯಾಂಜೊ ಕೆಳಗಿಟ್ಟು ಎದ್ದಳು.

"ಕೂತ್ಕೊಳಮ್ಮ," ಎಂದ ಉದ್ಘೋಷಕ. "ಗಣಿಗಿರೋದು ಒಂದೇ ರಸ್ತೆ. ಊರೆಲ್ಲ ಅಲ್ಲಿಗೆ ನುಗ್ಗಿದ್ರೆ ಆಂಬುಲೆನ್ಸ್ ಹೋಗಲ್ಲ. ಬದುಕಿ ಬಂದೋರ ಹೆಸರು ಫೋನಲ್ಲಿ ಹೇಳ್ತಾರೆ, ನಾನು ಓದ್ತೀನಿ. ನೀವು ನುಡಿಸ್ತಾ ಇದ್ರೆ ಜನ ರೇಡಿಯೋ ಮುಂದೆ ಕೂತಿರ್ತಾರೆ."

ಹಾರ್ಲಿಸ್ ಪಿಟೀಲು ಗಲ್ಲಕ್ಕೊತ್ತಿಕೊಂಡ. ಐಸಿಯೂ ಕೂತು ಬ್ಯಾಂಜೊ ಎತ್ತಿಕೊಂಡಳು.

ಒಂದು ಹಾಡು, ಒಂದು ಹೆಸರು. ಕೆಲವೊಮ್ಮೆ ಮೂರು ಹಾಡಾದರೂ ಹೆಸರಿಲ್ಲ. ತಂತಿ ಮೀಟಲು ಬೆರಳಿಗೆ ತೊಟ್ಟ ತಗಡಿನ ಉಗುರು ಚರ್ಮ ಕೊರೆದು ರಕ್ತ ಜಿನುಗಿತು. ಅವಳ ಕಣ್ಣು ಮಾತ್ರ ಫೋನಿನ ಮೇಲೇ ಇತ್ತು. ಒಂಬತ್ತನೆಯ ಹೆಸರು ಕ್ರೀಡ್‌ನದು.

ಐಸಿ ತಲೆ ತಗ್ಗಿಸಿದಳು. ಓಡಿಹೋಗಬೇಕೆನಿಸಿತು. ಆದರೆ ಪಕ್ಕದಲ್ಲಿ ಮಾವನ ಪಿಟೀಲು ನಿಂತಿರಲಿಲ್ಲ. ಅವಳೂ ನಿಲ್ಲಿಸಲಿಲ್ಲ; ಇನ್ನೂ ಜೋರಾಗಿ ಬಾರಿಸಿದಳು.

ಹತ್ತನೆಯವನು ಬೇರೆ ಯಾರೋ. ಆಮೇಲೆ ಒಂದು ಗಂಟೆ ಫೋನು ಸದ್ದು ಮಾಡಲಿಲ್ಲ.

"ಸಾಕು ಮಗಳೇ," ಎಂದ ಹಾರ್ಲಿಸ್. "ಇನ್ನು ನಾನು ಹೋಗಿ ಅವನನ್ನ ಕರ್ಕೊಂಡು ಬರ್ತೀನಿ."

ಡಿಲ್ಲಾರ್ಡ್‌ನ ಹೆಣ ಮರುದಿನ ಸಿಕ್ಕಿತು.

ಐಸಿ ಇನ್ನೂ ಮೂವತ್ತೊಂದು ವರ್ಷ ಐದು ರಾಜ್ಯಗಳಲ್ಲಿ ನುಡಿಸಿದಳು; ಕಾರು ಓಡಿಸುತ್ತಿದ್ದವನು ಕ್ರೀಡ್. ಆ ದಿನ ಎಂಥ ಗಟ್ಟಿಗಿತ್ತಿ ನೀನು ಎಂದು ಯಾರಾದರೂ ಹೊಗಳಿದರೆ ಅವಳ ಮುಖ ಬಿಗಿಯುತ್ತಿತ್ತು.

"ಗಟ್ಟಿತನ ಮಾವಂದು. ನನ್ನ ಗಂಡ ಬದುಕಿದ ಅಂತ ನನಗೆ ಕುಣಿಯೋಷ್ಟು ಖುಷಿ ಆಗಿತ್ತು. ಅದು ಮಾವನಿಗೆ ಕಾಣಬಾರದು ಅಂತ ಅಷ್ಟು ಜೋರಾಗಿ ಬಾರಿಸಿದೆ."