ಮೊದಲ ಸೀರೆಯ ಫೋಟೊ

ಕೇಳುವವರು ಮನೆಯಲ್ಲಿ ಯಾರೂ ಇಲ್ಲವೆಂಬ ನೆಪ ಹೇಳಿಕೊಂಡು ಈ ಕತೆ ಹೇಳುವುದನ್ನು ಮುಂದೂಡುತ್ತ ಬಂದೆ.

ಮಕ್ತಲ್ ಬಸ್ ನಿಲ್ದಾಣದ ಎದುರು ನನ್ನ ಸ್ಟುಡಿಯೊ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿದ್ದ ಒಬ್ಬಳು ಉಟ್ಕೂರಿನಿಂದ ಆಟೊದಲ್ಲಿ ಬಂದು, ತನ್ನ ಮೊದಲ ನಾರಾಯಣಪೇಟೆ ಸೀರೆಯುಟ್ಟು ಫೋಟೊ ತೆಗೆಸಿಕೊಂಡಳು. ಆಮೇಲೂ ಗುರುತಿನ ಕಾರ್ಡಿನ ಸಣ್ಣ ಫೋಟೊಗಳಿಗೆ ಬರುತ್ತಿದ್ದಳು. ಸ್ಟೂಲಿನ ಮೇಲೆ ಕುಳಿತೊಡನೆ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಕೈ ಬರಬಾರದು ನೋಡ್ರಿ ಅಣ್ಣಾ. ಮಾರಿ ನಮ್ಮವ್ವಂದು, ಕೈ ನಮ್ಮಪ್ಪಂದು!" ಎಂದು ಪ್ರತಿ ಸಲವೂ ನಗುವಳು.

ಅವಳು ಊರು ಬಿಟ್ಟು ಗದ್ವಾಲಕ್ಕೆ ಹೋದ ಮೇಲೆ ಅವಳ ಅಣ್ಣ ಬಂದ. "ಅವ್ವ ಮಗನ ಫೋಟೊ ಕೇಳ್ತಾಳ. ಆ ಸೀರಿ ತೆಗೆದು ಅಂಗಿ ಹಾಕ್ರಿ, ಮೀಸಿನೂ ಇರ್ಲಿ," ಎಂದ. ಕಂಪ್ಯೂಟರಿನಲ್ಲಿ ಕೋಟು ತೊಡಿಸುವುದು ನಮ್ಮ ಕಸುಬಿನ ರೂಢಿ. ಹಾಗೇ ಮಾಡಿದೆ. ಬೇರೆ ಪ್ರತಿ ಇಡದೆ ಆ ಮೊದಲ ಸೀರೆಯ ಫೋಟೊದ ಮೇಲೆಯೇ ಸೇವ್ ಮಾಡಿದೆ.

ಹೋದ ವರ್ಷ, ಅವಳಂಥವರ ಹಳೆಯ ಫೋಟೊಗಳನ್ನು ಕೂಡಿಡುವ ಹುಡುಗಿಯೊಬ್ಬಳನ್ನು ಕರೆದುಕೊಂಡು ಅವಳೇ ಬಂದಳು. "ಆ ಮೊದಲನೇ ಸೀರಿದು ತೋರಿಸ್ರಿ. ನನ್ನ ಹತ್ರ ಇದ್ದದ್ದು ನಮ್ಮಣ್ಣ ಹರದು ಒಗದಾನ. ನಿಮ್ಮ ಹತ್ರ ಇರ್ತೈತಿ ಅಂತ ಈಕೀಗೆ ಹೇಳೀನ್ರಿ," ಎಂದಳು.

ಪರದೆಯ ಮೇಲೆ ಮೀಸೆಯ ಗಂಡಸು ಬಂದ. ಅವಳು ಬಹಳ ಹೊತ್ತು ನೋಡಿದಳು.

"ಇವರು ಯಾರಕ್ಕಾ?" ಎಂದಳು ಹುಡುಗಿ.

"ಗೊತ್ತಿಲ್ಲವ್ವ. ನಾ ಇವನ್ನ ಯಾವತ್ತೂ ಕಂಡಿಲ್ಲ."

ಗದ್ವಾಲದ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಅವಳು ಎದುರಿನ ನಿಲ್ದಾಣದಲ್ಲಿ ಕುಳಿತಿದ್ದಳು, ನಾನು ಕೌಂಟರಿನ ಹಿಂದೆ. ನಾನು ರಸ್ತೆ ದಾಟಲಿಲ್ಲ. ಬಸ್ಸು ಬಂತು. ತಪ್ಪಾಯಿತೆಂದು ನಾನು ಅವಳಿಗೆ ಇವತ್ತಿಗೂ ಹೇಳಿಲ್ಲ.