ಪಿಂಚಣಿ ಪಂಡಿತರ ಮನೆಯ ಪಿಂಚಣಿ

ಕುಂಬಳೆ ಕಡೆಯ ದಾಮೋದರ ಮಾಷ್ಟ್ರು ತಿರುವನಂತಪುರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಂಚಣಿ ಎಂಬ ವಿಷಯದ ಮೇಲೆ ಇಪ್ಪತ್ತು ವರ್ಷದಿಂದ ಕೂತಿದ್ದಾರೆ. ಕೋಳಿಯೊಂದು ಮೊಟ್ಟೆಯ ಮೇಲೆ ಅಷ್ಟು ಕಾಲ ಕೂತಿದ್ದರೆ ಮರಿಯಲ್ಲ, ಆನೆಯೇ ಹೊರಗೆ ಬರುತ್ತಿತ್ತು. ಮಾಷ್ಟ್ರು ಕೂತದ್ದಕ್ಕೆ ಹೊರಗೆ ಬಂದದ್ದು ಎರಡು ಪುಸ್ತಕ. ಎರಡನೆಯದು ಎಷ್ಟು ದಪ್ಪವೆಂದರೆ, ಅದು ಲೈಬ್ರರಿಯ ಕಪಾಟಿನಿಂದ ಜಾರಿ ಬಿದ್ದ ದಿನ ಕೆಳಗಿನ ಮಹಡಿಯವರೆಲ್ಲ ಭೂಕಂಪವೆಂದು ಚಪ್ಪಲಿ ಬಿಟ್ಟು ಓಡಿದ್ದರಂತೆ.

ಜನ ಮುಪ್ಪಿಗೆಂದು ಯಾಕೆ ಉಳಿಸುವುದಿಲ್ಲ, ಸರ್ಕಾರ ಏನು ಕೊಡಬೇಕು, ಎಷ್ಟು ಕೊಡಬೇಕು ಎಂದು ಅವರು ದೆಹಲಿಯವರೆಗೆ ಹೋಗಿ ಭಾಷಣ ಮಾಡಿ ಬಂದವರು. ಆದರೆ ಅವರ ಸಂಸ್ಥೆಯಲ್ಲಿ ಪಿಂಚಣಿಯೇ ಇಲ್ಲ. ಒಂದಿಷ್ಟು ಪಿ.ಎಫ್., ಒಂದು ಶಾಲು, ಒಂದು ಬುಟ್ಟಿ ಹಣ್ಣು, ಅಷ್ಟೇ. ಊರಿಗೆಲ್ಲ ಬಡಿಸಿದ ಭಟ್ಟರ ಎಲೆಗೆ ಕೊನೆಯಲ್ಲಿ ತಳ ಕೆರೆದ ಸಾರು ಬಿದ್ದ ಹಾಗೆ.

ಮನೆಗೆ ಆಧಾರವೆಂದರೆ ಹೆಂಡತಿ ಚಂದ್ರಾವತಿ. ಆಕೆಗೆ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕೇಂದ್ರ ಸರ್ಕಾರದ ಕೆಲಸ. ಪಾಲಾರಿವಟ್ಟಂನಲ್ಲಿ ಫ್ಲ್ಯಾಟು, ಜೊತೆಗೆ ಕಾಲೇಜಿಗೆ ಹೋಗುವ ಮಗಳು ಸಂಹಿತಾ. ಮಾಷ್ಟ್ರು ವಾರವಿಡೀ ತಿರುವನಂತಪುರದಲ್ಲಿದ್ದು ವಾರದ ಕೊನೆಗೆ ರೈಲು ಹತ್ತಿ ಬರುವ ಗಂಡ.

ಆ ವರ್ಷ ಸರ್ಕಾರ ಚಂದ್ರಾವತಿಯಂಥ ನೌಕರರ ಮುಂದೆ ಎರಡು ದಾರಿ ಇಟ್ಟಿತು. ಈಗಿನ ಸ್ಕೀಮಿನಲ್ಲೇ ಉಳಿದರೆ ಹಣ ಷೇರುಪೇಟೆಯಲ್ಲಿ ಬೆಳೆದಷ್ಟು ಬೆಳೆಯುತ್ತದೆ, ಉಳಿದದ್ದು ಮಕ್ಕಳಿಗೂ ಸಿಗುತ್ತದೆ. ಹೊಸದಕ್ಕೆ ಹೋದರೆ ಸಾಯುವವರೆಗೂ ನಿಶ್ಚಿತ ಪಿಂಚಣಿ, ಆಮೇಲೆ ಗಂಡನಿಗೊಂದು ಪಾಲು, ಮಕ್ಕಳ ಕೈಗೆ ಇಡುಗಂಟೇನೂ ಬರುವುದಿಲ್ಲ. ಗಡುವಿನೊಳಗೆ ಹೇಳದಿದ್ದರೆ ಹೊಸದರ ಬಾಗಿಲು ಮುಚ್ಚಿದಂತೆಯೇ.

“ಯಾವುದಕ್ಕೆ ಆಪ್ಷನ್ ಕೊಡ್ಲಿ?” ಎಂದು ಚಂದ್ರಾವತಿ ಜೂನ್‌ನಲ್ಲಿ ಕೇಳಿದಳು.

“ನೋಡುವ,” ಎಂದರು ಮಾಷ್ಟ್ರು.

ಓಣಂ ಬಂತು, ಹೋಯಿತು. ದಸರಾ, ದೀಪಾವಳಿಗಳೂ ಹೋದವು. ಸರ್ಕಾರ ಕೊನೆಯ ದಿನಾಂಕವನ್ನು ಎರಡು ಸಲ ಮುಂದೆ ಹಾಕಿ ನವೆಂಬರಿನ ಕೊನೆಗೆ ತಂದು ನಿಲ್ಲಿಸಿತು. ಮಾಷ್ಟ್ರು ಮೂರನೆಯ ಸಲಕ್ಕೆ ಕಾದರು. ಅವರಿಗೊಂದು ಗುರಾಣಿಯೂ ಸಿಕ್ಕಿತ್ತು. ನೌಕರರು ಈ ಆಯ್ಕೆಯನ್ನು ಯಾಕೆ ಮುಂದೂಡುತ್ತಾರೆ ಎಂದು ಅವರೇ ಒಂದು ಸಂಶೋಧನೆ ಕೈಗೆತ್ತಿಕೊಂಡಿದ್ದರು. ಸಂದರ್ಶನ ಕೊಟ್ಟವರಿಗೆ ಸಂಶೋಧಕ ಸಲಹೆ ಕೊಡಬಾರದೆಂದು ನಿಯಮ. ಚಂದ್ರಾವತಿಯ ಕಚೇರಿಯೂ ಆ ಸಂಶೋಧನೆಯಲ್ಲಿತ್ತು.

“ನಿಯಮ ಉಂಟು ಮಾರಾಯ್ತಿ, ನಾನು ಬಾಯಿ ಬಿಡುವ ಹಾಗಿಲ್ಲ,” ಎನ್ನುತ್ತಿದ್ದರು. ನಿಯಮ ಮಾಡಿದವರಿಗೂ ಅದರ ಮೇಲೆ ಅಷ್ಟು ಭಕ್ತಿ ಇದ್ದಿರಲಾರದು.

ನವೆಂಬರಿನ ಕೊನೆಯ ಶುಕ್ರವಾರ ಮಾಷ್ಟ್ರು ಬೆಳಗ್ಗೆಯೇ ಕೊಚ್ಚಿಗೆ ಬಂದು, ಹೆಂಡತಿಯ ಕಚೇರಿಯ ಕ್ಯಾಂಟೀನಿನಲ್ಲಿ ಸಂದರ್ಶನಕ್ಕೆ ಕೂತರು. ಎದುರಿಗೆ ಆಕೆಯ ಇಬ್ಬರು ಸಹೋದ್ಯೋಗಿಗಳು, ತುಮಕೂರಿನ ಚಿಕ್ಕಣ್ಣ ಮತ್ತು ಉಳ್ಳಾಲದ ಜುಬೈದಾ. ನಡುವೆ ಚಾಯ, ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ.

“ಇನ್ನೆರಡೇ ದಿನ ಉಂಟು. ನೀವಿನ್ನೂ ಯಾಕೆ ತೀರ್ಮಾನ ಮಾಡ್ಲಿಲ್ಲ?” ಎಂದು ಮಾಷ್ಟ್ರು ಪೆನ್ನು ಹಿಡಿದರು. ಪೇಟೆಯ ಭಯವೇ, ತಿಳಿವಳಿಕೆಯ ಕೊರತೆಯೇ, ನಾಳೆ ಎಂಬ ಸೋಮಾರಿತನವೇ ಎಂದು ಮೂರು ಸಿದ್ಧಾಂತ ಅವರ ತಲೆಯಲ್ಲಿ ಸಾಲಾಗಿ ನಿಂತಿದ್ದವು.

ಚಿಕ್ಕಣ್ಣ ತಲೆ ಕೆರೆದುಕೊಂಡ. “ಬೇಜಾರ್ ಮಾಡ್ಕೋಬ್ಯಾಡಿ ಸಾರ್. ಚಂದ್ರಾವತಿ ಮೇಡಂ ಏನ್ ಹಾಕ್ತಾರೋ ಅದನ್ನೇ ಹಾಕೋಣ ಅಂತ ಕಾಯ್ತಿದೀನಿ.”

“ಇವರೊಬ್ರೇ ಅಲ್ಲ ಮಾಷ್ಟ್ರೇ,” ಎಂದಳು ಜುಬೈದಾ. “ಇಡೀ ಸೆಕ್ಷನ್ ಹಾಗೇ ಕೂತಿದೆ. ಪಿಂಚಣಿ ಮಾಷ್ಟ್ರ ಹೆಂಡತಿಗಿಂತ ಹೆಚ್ಚು ನಮಗೆ ಗೊತ್ತುಂಟಾ? ಚಂದ್ರಕ್ಕನನ್ನು ಕೇಳಿದ್ರೆ, ‘ಅವರಿನ್ನೂ ಹೇಳ್ಲಿಲ್ಲ’ ಅಂತಾರೆ. ನೀವು ಹೇಳಿದ್ರಾ?”

ಮಾಷ್ಟ್ರ ಬಾಯಲ್ಲಿದ್ದ ಪಳಂಪೊರಿ ಒಳಗೂ ಹೋಗದೆ ಹೊರಗೂ ಬರದೆ ನಿಂತಿತು. ಹೊಳೆಗೆ ಅಡ್ಡ ಬಿದ್ದ ಮರ ಯಾವುದೆಂದು ದೀಪ ಹಿಡಿದು ಹುಡುಕಿದವನಿಗೆ ತಾನೇ ಅಡ್ಡ ಮಲಗಿರುವುದು ಕಂಡಂತಾಯಿತು.

ಸಂಜೆ ಬೋಟಿನಲ್ಲಿ ಎರ್ನಾಕುಳಂ ಕಡೆಗೆ ದಾಟುವಾಗ ಅವರ ಎದೆ ಎಷ್ಟು ಬಡಿಯುತ್ತಿತ್ತೆಂದರೆ, ಬೋಟು ನಡೆಸುವವನು ಎಂಜಿನ್ ಕೆಟ್ಟಿತೇನೋ ಎಂದು ಬಗ್ಗಿ ಬಗ್ಗಿ ನೋಡಿದ. ಒಬ್ಬ ಹೆಂಡತಿಯ ಮುಪ್ಪೇ ಭಾರವಾಗಿತ್ತು. ಈಗ ಇಡೀ ಸೆಕ್ಷನ್ ಬಂದು ಹೆಗಲ ಮೇಲೆ ಕೂತಿತ್ತು. ಪಕ್ಕದಲ್ಲಿ ಚಂದ್ರಾವತಿ ಫೋನಿನಲ್ಲಿ ಇನ್ಯಾರಿಗೋ ‘ಅವರಿನ್ನೂ ಹೇಳ್ಲಿಲ್ಲ’ ಎನ್ನುತ್ತಿದ್ದಳು.

ಮನೆಗೆ ಬಂದವಳೇ ಆಕೆ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟಳು.

“ದೇಶಕ್ಕೆಲ್ಲ ಹೇಳ್ತೀರಿ. ನನಗೊಂದು ಮಾತು ಹೇಳ್ಲಿಕ್ಕೆ ಆಗುದಿಲ್ವಾ? ನಿಯಮ ಗಿಯಮ ಬೇಡ. ನಿಮಗೆ ಗೊತ್ತಿಲ್ವಾ, ಅಥವಾ ಹೇಳ್ಲಿಕ್ಕೆ ಮನಸ್ಸಿಲ್ವಾ?”

“ಲೆಕ್ಕ ಎಲ್ಲ ಮಾಡಿಟ್ಟಿದ್ದೇನೆ ಚಂದ್ರಾ. ಒಂದು ಸಂಖ್ಯೆ ಹಾಕಿದ್ರೆ ಉತ್ತರ ಬರ್ತದೆ.”

“ಹಾಕಿ ಮತ್ತೆ!”

ಮಾಷ್ಟ್ರು ಪರದೆಯನ್ನು ಆಕೆಯ ಕಡೆಗೆ ತಿರುಗಿಸಿದರು. ಸಂಬಳ, ಸೇವೆ, ಬೆಲೆಯೇರಿಕೆ ಎಲ್ಲ ತುಂಬಿತ್ತು. ಒಂದು ಮನೆ ಮಾತ್ರ ಖಾಲಿ. ಅದರ ಮೇಲೆ ‘ಮರಣದ ವಯಸ್ಸು’ ಎಂದಿತ್ತು.

“ಲಕ್ಷ ಜನರದ್ದು ಚಾ ಕುಡಿಯುತ್ತಾ ಹಾಕಿದ್ದೇನೆ,” ಎಂದರು ಮಾಷ್ಟ್ರು. “ನಿನ್ನದು ಆಗುದಿಲ್ಲ. ಒಮ್ಮೆ ಎಪ್ಪತ್ತೆಂಟು ಅಂತ ಒತ್ತಿದೆ. ಒತ್ತಿದ ಕೂಡ್ಲೇ ಅಳಿಸಿಬಿಟ್ಟು ನಿನಗೆ ಫೋನ್ ಮಾಡಿದೆ.”

ಚಂದ್ರಾವತಿಯ ಕಣ್ಣು ಅರಳಿತು. “ಅದಕ್ಕಾ ಆ ದಿನ ಪುನಃ ಪುನಃ ಫೋನ್ ಮಾಡಿ ಊಟ ಆಯ್ತಾ, ಊಟ ಆಯ್ತಾ ಅಂತ ಕೇಳಿದ್ದು? ನಾನು ನಿಮಗೆ ಮರೆವಿನ ಕಾಯಿಲೆ ಶುರುವಾಯ್ತು ಅಂತ ಗ್ರಹಿಸಿದ್ದೆ!”

ನಕ್ಕಳು, ನಗು ಅರ್ಧಕ್ಕೇ ನಿಂತಿತು. ಕುರ್ಚಿ ಎಳೆದುಕೊಂಡು ಕೂತಳು.

“ನಾನು ಬೇಗ ಹೋದ್ರೆ ಯಾವುದು ಒಳ್ಳೇದು?”

“ಈಗಿನದ್ದು. ಉಳಿದದ್ದು ಸಂಹಿತಾಗೆ ಬರ್ತದೆ.”

“ತುಂಬ ವರ್ಷ ಇದ್ರೆ?”

“ಹೊಸತು.”

ಒಳಗಿನ ಕೋಣೆಯಿಂದ ಮಗಳು ಕೂಗಿದಳು: “ಎನಿಕ್ಕು ಒನ್ನುಂ ವೇಂಡ!” ತನಗೇನೂ ಬೇಡವೆಂದು ಮಲಯಾಳದಲ್ಲಿ. ಕನ್ನಡದಲ್ಲಿ ಕೇಳಿಸಿಕೊಂಡು ಮಲಯಾಳದಲ್ಲಿ ದಾನ ಮಾಡುವ ಹುಡುಗಿ.

ಚಂದ್ರಾವತಿ ಖಾಲಿ ಮನೆಯನ್ನೇ ನೋಡುತ್ತ ಕೂತಳು. ಅಂಥದ್ದನ್ನು ಯಾರೂ ನೋಡಿಕೊಂಡು ಕೂರಬಾರದು; ಕೂತಳು. ಆಮೇಲೆ ಹೇಳಿದಳು: “ಪುತ್ತೂರಿನಲ್ಲಿ ನನ್ನಮ್ಮ ಎಂಬತ್ತಾರರಲ್ಲಿ ಹಲಸಿನಕಾಯಿ ಕೊಚ್ಚುತ್ತಾ ಇದ್ದಾಳೆ. ಸಾಯ್ಲಿಕ್ಕೆ ಏರ್ಪಾಡು ಮಾಡಿಕೊಂಡು ಕೂರ್ಲಿಕ್ಕೆ ನನಗೆ ಪುರುಸೊತ್ತಿಲ್ಲ ಮಾರಾಯ್ರೆ. ಬದುಕುವುದಕ್ಕೇ ಹಾಕುವ. ಲೆಕ್ಕ ತಪ್ಪಿದ್ರೆ ಬೈಲಿಕ್ಕೆ ನಾನೇ ಇರುದಿಲ್ಲ, ನಿಮಗೆಂತ ಹೆದರಿಕೆ?”

ಆ ಕೊನೆಯ ಮಾತಿಗೇ ಮಾಷ್ಟ್ರು ಹೆದರಿದ್ದು. ಆದರೆ ಅಷ್ಟರಲ್ಲಿ ಫೋನಿಗೆ ಓಟಿಪಿ ಬಂದಿತ್ತು, ಚಂದ್ರಾವತಿ ಗುಂಡಿ ಒತ್ತಿಯಾಗಿತ್ತು.

ಸುದ್ದಿ ಮರುದಿನ ಬೆಳಗಾಗುವುದರೊಳಗೆ ಸೆಕ್ಷನ್ನಿಗೆಲ್ಲ ಹರಡಿತು. ಚಿಕ್ಕಣ್ಣನ ಫೋನು ಬಂತು. “ಮೇಡಂ, ಸಾರ್ ಯಾವ ಲೆಕ್ಕದ ಮೇಲೆ ಹೇಳಿದ್ರು?”

“ನನ್ನಮ್ಮ ಹಲಸಿನಕಾಯಿ ಕೊಚ್ಚುವ ಲೆಕ್ಕದ ಮೇಲೆ.”

“ಅಯ್ಯೋ, ನಾನೂ ಅದನ್ನೇ ಒತ್ಬಿಡೋನಿದ್ದೆ! ನಮ್ಮಪ್ಪ ಐವತ್ತೆಂಟಕ್ಕೇ ಹೋದ್ರು ಮೇಡಂ!”

ಮಾಷ್ಟ್ರು ಫೋನು ಕಿತ್ತುಕೊಂಡರು. ನಿಯಮ ಹೊಳೆಗೆ ಬಿತ್ತು. ಆ ಶನಿವಾರವೂ ಭಾನುವಾರವೂ ಒಬ್ಬೊಬ್ಬರ ಮನೆಯ ಸಂಗತಿ ಕೇಳಿ, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಎರಡೂ ದಾರಿ ಬಿಡಿಸಿ ಹೇಳಿದರು. ಸ್ವರ ಬಿದ್ದು, ಕೊನೆಗೆ ಬರೀ ಗಾಳಿಯೇ ಪಿಂಚಣಿಯ ಬಗ್ಗೆ ಮಾತಾಡುವಂತಾಯಿತು. ಆ ಕಚೇರಿಯ ಉತ್ತರಗಳನ್ನೆಲ್ಲ ಸಂಶೋಧನೆಯಿಂದ ತೆಗೆದುಹಾಕಬೇಕಾಯಿತು; ತೆಗೆದುಹಾಕಿದರು.

ಆದರೆ ಹೊಸ ಕಳವಳ ಹತ್ತಿಕೊಂಡಿತು. ನಿಶ್ಚಿತ ಪಿಂಚಣಿಯಲ್ಲಿ ಲಾಭವಾಗಬೇಕಾದರೆ ಮನುಷ್ಯರು ಇರಬೇಕಲ್ಲ? ಮುಂದಿನ ವಾರ ಮಾಷ್ಟ್ರು ತಿರುವನಂತಪುರದಿಂದ ಬರುವಾಗ ಬಿ.ಪಿ. ನೋಡುವ ಯಂತ್ರ ತಂದರು. ಉಪ್ಪಿನಕಾಯಿಯ ಭರಣಿ ಬಚ್ಚಿಟ್ಟರು. ಚಂದ್ರಾವತಿ ಕೆಮ್ಮಿದರೆ ಡಾಕ್ಟರ ನಂಬರು ಹುಡುಕಿದರು.

ಭಾನುವಾರ ಆಕೆ ಸ್ಟೂಲು ಹತ್ತಿ ಅಟ್ಟದ ಮೇಲಿನ ದೊಡ್ಡ ಕುಕ್ಕರು ಇಳಿಸುತ್ತಿದ್ದಾಗ ಮಾಷ್ಟ್ರು ಓಡಿ ಬಂದು, ಬಗ್ಗಿ, ಸ್ಟೂಲಿನ ಕಾಲುಗಳನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರು.

“ಬಿಡಿ ಮಾರಾಯ್ರೆ,” ಎಂದಳು ಚಂದ್ರಾವತಿ ಮೇಲಿನಿಂದ. “ಸ್ಟೂಲು ಸರಿಯಾಗಿಯೇ ನಿಂತಿತ್ತು. ನೀವು ಹಿಡಿದ ಮೇಲೆಯೇ ಅದು ನಡುಗ್ಲಿಕ್ಕೆ ಶುರುವಾದದ್ದು.”