ಅಕ್ಕನ ಮುಂದೆ ಇಂಗ್ಲಿಷ್

ಇಂಗ್ಲಿಷ್ ಕೇಳಿದರೆ ನನಗೆ ಹೆದರಿಕೆ. ವ್ಯಾಕರಣದ ಹೆದರಿಕೆಯಲ್ಲ, ಅದನ್ನು ಹೈಸ್ಕೂಲಿನಲ್ಲೇ ಹೇಗೋ ದಾಟಿದ್ದೇನೆ. ನಮ್ಮ ಅಂಕೋಲೆ ಕಡೆಯ ಮನೆಯೊಳಗೆ ಇಂಗ್ಲಿಷ್ ಕಾಲಿಟ್ಟಿತೆಂದರೆ ಯಾರದೋ ಗ್ರಹಚಾರ ಕೆಟ್ಟಿದೆ ಎಂದೇ ಅರ್ಥ.

ಅಶುಭವನ್ನು ಅದರ ಹೆಸರಿನಿಂದ ಕರೆಯಬಾರದೆಂಬುದು ನಮ್ಮಲ್ಲಿ ಹಳೆಯ ಕಟ್ಟಳೆ. ದೀಪ ಹಚ್ಚಿದ ಮೇಲೆ ನಮ್ಮಜ್ಜಿ ಹಾವನ್ನು ಹುಳ ಎನ್ನುತ್ತಿದ್ದಳು. ಅಜ್ಜಿಯರು ಹೋದರು, ಅವರ ಕೆಲಸಕ್ಕೆ ಇಂಗ್ಲಿಷ್ ಸೇರಿಕೊಂಡಿತು. ಈಗ ನಮ್ಮಲ್ಲಿ ಯಾರೂ ಸಾಯುವುದಿಲ್ಲ. ಔಷಧಿ ಬಾಟಲಿಯ ಹಾಗೆ ‘ಎಕ್ಸ್‌ಪಾಯರ್’ ಆಗುತ್ತಾರೆ. ಅದಕ್ಕೆ ಮೊದಲು ‘ಸೀರಿಯಸ್’ ಆಗುತ್ತಾರೆ. ಘಟ್ಟದ ಮೇಲಿಂದ ವರ್ಗವಾಗಿ ಬಂದ ಮಾಸ್ತರರೊಬ್ಬರು ‘ನಿಮ್ಮ ಮಗ ಸೀರಿಯಸ್ ಇಲ್ಲ’ ಎಂದು ದೂರಿದಾಗ, ಮಂಜಗುಣಿಯ ತಾಯಿಯೊಬ್ಬಳು ದೇವರು ದೊಡ್ಡವನೆಂದು ಕೈಮುಗಿದಳಂತೆ.

ಊರಿಗೆ ಮೊಬೈಲು ಆಗಷ್ಟೇ ಬಂದಿದ್ದ ವರ್ಷಗಳವು. ಶೆಟಗೇರಿಯಲ್ಲಿದ್ದ ನನ್ನ ಅಕ್ಕನಿಗೆ ಹೊಟ್ಟೆನೋವು ಬಿಡಲೇ ಇಲ್ಲ. ಡಾಕ್ಟರು ಭಾವನನ್ನೂ ನನ್ನನ್ನೂ ಒಳಗೆ ಕರೆದು, ಎಲ್ಲ ಕಡೆ ಹಬ್ಬಿದೆ, ಇನ್ನು ಮಾಡುವಂಥದ್ದೇನಿಲ್ಲ, ಮನೆಗೆ ಕರೆದೊಯ್ಯಿರಿ ಎಂದರು. ಅಕ್ಕನಿಗೆ ತಿಳಿಯಕೂಡದೆಂದು ಭಾವ ನನ್ನಿಂದ ಆಣೆ ಹಾಕಿಸಿಕೊಂಡರು. ಅಂದಿನಿಂದ ಇಡೀ ಮನೆ ಇಂಗ್ಲಿಷಿಗೆ ತಿರುಗಿತು.

ಭಾವ ಬಸ್ ಕಂಡಕ್ಟರರಾಗಿದ್ದವರು. ‘ಹೋಲ್ಡಾನ್’, ‘ರೈಟ್’ ಬಿಟ್ಟರೆ ಅವರ ಬಾಯಲ್ಲಿ ಇಂಗ್ಲಿಷ್ ಕೇಳಿದವರಿಲ್ಲ. ಅವರೀಗ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ‘ಗ್ರೋತು’ ಎಂದು ಪಿಸುಗುಟ್ಟುತ್ತಿದ್ದರು. ಮಾಜಾಳಿಯಿಂದ ದಿನಾ ಗೋವಾಕ್ಕೆ ಕೆಲಸಕ್ಕೆ ಹೋಗುವ ಅವರ ತಮ್ಮ, ಹಾಗಲ್ಲ, ‘ಟುಮರ್’ ಎನ್ನಬೇಕೆಂದು ತಿದ್ದಿದ. ಕಾರವಾರದವಳಾದ ನನ್ನ ಹೆಂಡತಿ ‘ಕೆನ್ಸರ್’ ಎಂದಳು. ಯಾರದು ಸರಿ ಎಂದು ವಾದವೇ ಎದ್ದಿತು. ಸಾಯುವವಳು ಒಳಗೆ, ಶಬ್ದದ ಪಂಚಾಯ್ತಿಕೆ ಹೊರಗೆ! ನನಗೆ ಮೈಯೆಲ್ಲ ಉರಿಯಿತು. ಆದರೆ ಆಣೆ ಹಾಕಿ ಕೂತವನು ನಾನೂ ತಾನೆ. ಅಕ್ಕ ಏನು ಕೇಳಿದರೂ ‘ರೆಸ್ಟ್ ಬೇಕಂತೆ’ ಎಂದು ಜಾರಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಭಾವ ಮಾತ್ರೆ ತರಲು ಅಂಕೋಲೆಗೆ ಹೋಗಿದ್ದರು. ನಾನು ಗಂಜಿ ಕುಡಿಸುತ್ತಿದ್ದೆ. ಅಕ್ಕ ಚಮಚವನ್ನು ಪಕ್ಕಕ್ಕೆ ಸರಿಸಿದಳು.

“ತಮಾ, ಇಂಗ್ಲೀಷು ಕೇಳಿ ಕೇಳಿ ಸಾಕಾಯ್ತು. ನೀನಾದ್ರೂ ಕನ್ನಡದಲ್ಲಿ ಹೇಳು. ನಾ ಸಾಯ್ತೆ, ಅಲ್ದಾ?”

ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಕೇಳುತ್ತಿದ್ದಳು. ಬಾಯಿಗೆ ಒಂದು ಇಂಗ್ಲಿಷ್ ಶಬ್ದವೂ ಬರಲಿಲ್ಲ. ಹೌದಕ್ಕ ಎಂದೆ. ಅತ್ತುಬಿಟ್ಟೆ. ಅವಳು ಅಳಲಿಲ್ಲ. ತೆಳ್ಳಗಾದ ಕೈಯಿಂದ ನನ್ನ ತಲೆ ಸವರಿ, ಉಳಿದ ಗಂಜಿಯನ್ನೂ ಕುಡಿದಳು. ಎಷ್ಟೋ ದಿನದ ಮೇಲೆ ಅವಳ ಮುಖ ಹಗುರಾಗಿತ್ತು.

ಹೊರಗೆ ಭಾವನ ಚಪ್ಪಲಿಯ ಸದ್ದಾಯಿತು. ಅಕ್ಕ ನನ್ನ ಕೈ ಹಿಡಿದೆಳೆದು ಮೆಲ್ಲಗೆ ಹೇಳಿದಳು:

“ನಂಗೆ ಗೊತ್ತಾಯ್ತು ಅಂತ ನಿನ್ನ ಭಾವಂಗೆ ಹೇಳ್ಬೇಡ. ಪಾಪ, ಅವ್ರು ತಡ್ಕಳೂದಿಲ್ಲ.”

ಭಾವ ಮಾತ್ರೆಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತರು. ಅಕ್ಕನತ್ತ ನೋಡದೆ, ‘ಕಂಡಿಶನ್ ಹೇಗುಂಟು?’ ಎಂದು ನನ್ನನ್ನು ಕೇಳಿದರು.

ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅಕ್ಕನೇ ಹೇಳಿಬಿಟ್ಟಳು:

“ನಾರ್ಮಲ್.”